ಹತ್ತೊಂಬತ್ತು ಕಡ್ಡಿ

“ಗುರುಗಳೇ, ಕರೆಯದಿದ್ದರೆ ವಸಂತ ಬರುವುದಿಲ್ಲವೇ?” ಎಂದು ಮರುಳಯ್ಯ ಕೇಳಿದ.

ಗುರುವೂ ಶಿಷ್ಯನೂ ಆಗತಾನೇ ಕಾಡಂಚಿನ ಒಂದು ಹಟ್ಟಿಯನ್ನು ದಾಟಿ ಬಂದು, ದಿಬ್ಬದ ಮೇಲೆ ಮರದ ನೆರಳಿಗೆ ಕುಳಿತಿದ್ದರು. ಹಟ್ಟಿಯ ಜನ ಆ ವರ್ಷ ಮೊದಲು ಹೂ ಬಿಟ್ಟ ಮುತ್ತುಗದ ಮರಕ್ಕೆ ಅರಿಶಿನ ಹಚ್ಚಿ, ಎದುರಿನ ಬಯಲಿನಲ್ಲಿ ಸೌದೆ ಕಡ್ಡಿಗಳನ್ನು ಒಟ್ಟುತ್ತಿದ್ದರು. ಒಬ್ಬ ಮುದುಕಿ ಮರುಳಯ್ಯನ ಮುಂದೆಯೂ ಒಂದು ಕಡ್ಡಿ ಹಿಡಿದಿದ್ದಳು. ಅವನು ಉತ್ತರೀಯ ಸರಿಮಾಡಿಕೊಂಡು, ನೋಡದವನಂತೆ ನಡೆದುಬಿಟ್ಟಿದ್ದ. ಗುರುಗಳು ಮಾತ್ರ ಅವಳೊಡನೆ ಎರಡು ಮಾತಾಡಿ ನಿಧಾನವಾಗಿ ಬಂದಿದ್ದರು.

“ಶಿವರಾತ್ರಿಗೆ ಚಳಿ ಶಿವಶಿವಾ ಎಂದು ತಾನೇ ಹೋಗುತ್ತದೆ. ಶಾಸ್ತ್ರವಿಲ್ಲ, ಮಂತ್ರವಿಲ್ಲ, ಮರದ ಮುಂದೆ ಕುಣಿದು ಋತುವನ್ನು ಕರೆಯುತ್ತಾರೆ. ಇದು ಅಜ್ಞಾನವಲ್ಲವೇ?” ಎಂದ ಶಿಷ್ಯ.

ಗುರುಗಳು ಹಟ್ಟಿಯ ಕಡೆಗೊಮ್ಮೆ ನೋಡಿದರು. ಹೊಗೆ ಕಾಣಲಿಲ್ಲ. “ಅಂಥದೇ ಇನ್ನೊಂದು ಹಟ್ಟಿಯ ಕತೆ ಹೇಳುತ್ತೇನೆ, ಕೇಳು,” ಎಂದರು.

ಆ ಹಟ್ಟಿಯಲ್ಲಿ ಇಪ್ಪತ್ತು ಮನೆ. ಮುತ್ತುಗ ಮೊದಲ ಹೂ ಬಿಟ್ಟ ದಿನ ಎಲ್ಲರೂ ಒಲೆ ಆರಿಸಿ, ಬೂದಿ ಬಳಿದು ಹೊರಗೆ ಹಾಕುತ್ತಿದ್ದರು. ಚಳಿಗಾಲ ಕಳೆದು ಉಳಿದ ಸೌದೆಯಲ್ಲಿ ಮನೆಗೊಂದು ಕಡ್ಡಿ ತಂದು ಮರದ ಮುಂದೆ ಇಡಬೇಕು. ಅಂದು ಹಟ್ಟಿ ಹಾಯುವ ದಾರಿಹೋಕನಿಗೂ ಒಂದು ಕಡ್ಡಿ ಕೊಡುತ್ತಿದ್ದರು. ಅವನೂ ಆ ದಿನದ ಮಟ್ಟಿಗೆ ಹಟ್ಟಿಯವನೇ. ಎಲ್ಲರ ಕಡ್ಡಿ ಬಿದ್ದ ಮೇಲೆ ಬೆಂಕಿ. ಆ ಬೆಂಕಿಯ ಕೆಂಡ ಮನೆಗೆ ಬಂದ ಮೇಲೆ ಅಡುಗೆ. ಅಲ್ಲಿಯವರೆಗೆ ಎಳೆಯ ಮಕ್ಕಳಿಗೂ ಬಿಸಿ ಗಂಜಿಯಿಲ್ಲ.

ಅಲ್ಲಿ ಒಬ್ಬ ರೈತನಿದ್ದ. ಪುಷ್ಯಮಾಸದ ಚಳಿಯಲ್ಲಿ ಅವನ ಹೆಂಡತಿ ಜ್ವರ ಬಂದು ತೀರಿಕೊಂಡಳು. ಹಾಸಿಗೆ ಹಿಡಿಯುವ ಮುಂಚಿನ ದಿನ ಅವಳು ಕಾಡಿನಿಂದ ಹೊತ್ತು ತಂದ ಒಂದು ಹೊರೆ ಸೌದೆ, ಅವಳೇ ಬಳ್ಳಿಯಿಂದ ಬಿಗಿದ ಗಂಟಿನ ಸಮೇತ, ಒಲೆಯ ಪಕ್ಕದಲ್ಲಿತ್ತು. ರೈತ ಆ ಗಂಟು ಬಿಚ್ಚಲಿಲ್ಲ. ಬಿಚ್ಚಿದರೆ ಅವಳ ಕೈಯ ಕೊನೆಯ ಕೆಲಸವೂ ಮುಗಿದುಹೋಗುತ್ತದೆ ಎಂದು ಅವನಿಗೆ ಭಯ. ಹಾಗಾಗಿ ಒಲೆಯನ್ನೂ ಹಚ್ಚಲಿಲ್ಲ. ಒಂದು ಹಿಡಿ ಹಸಿ ಹಿಟ್ಟು ನೀರಿಗೆ ಕಲಸಿ ಕುಡಿದರೆ ಕುಡಿದ, ಇಲ್ಲದಿದ್ದರೆ ಇಲ್ಲ. ಬರಬರುತ್ತಾ ಅದೂ ತಪ್ಪಿತು. ಯಾರಾದರೂ ಊಟಕ್ಕೆ ಕರೆದರೆ ಹೊಟ್ಟೆ ತುಂಬಿದೆ ಎನ್ನುತ್ತಿದ್ದ. ಹಟ್ಟಿಯವರು ನಂಬಿದರು. ಪಾಪ, ಅವರವರ ಚಳಿ ಅವರವರಿಗೆ.

ಮುತ್ತುಗ ಹೂ ಬಿಟ್ಟಿತು. ಹೊರಗೆ ತಮಟೆ ಕೇಳಿಸಿತು. ರೈತ ಗೋಡೆಗೆ ಒರಗಿ ಕೂತೇ ಇದ್ದ. ಹತ್ತೊಂಬತ್ತು ಕಡ್ಡಿಗೆ ಬೆಂಕಿ ಹತ್ತದೇ ಎಂದು ಲೆಕ್ಕ ಹಾಕಿದ. ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ಹೊತ್ತು ನೆತ್ತಿಗೆ ಬಂದರೂ ಹೊಗೆಯ ವಾಸನೆ ಬರಲಿಲ್ಲ. ತಮಟೆ ನಿಂತಿತು. ಹಸಿದ ಮಕ್ಕಳು ಅಳುವುದು ಕೇಳಿಸಿತು.

ಹಟ್ಟಿಯ ಹಿರಿಯಜ್ಜಿ ಕೋಲೂರಿಕೊಂಡು ಬಂದು ಅವನ ಬಾಗಿಲಲ್ಲಿ ಕುಳಿತಳು.

“ನನಗೋಸ್ಕರ ಯಾಕಜ್ಜಿ ಕಾಯ್ತೀರಿ?” ಎಂದ ರೈತ. “ಹೂವಿನ ಕಾಲ ನನ್ನ ಕಡ್ಡಿ ಕೇಳ್ಕೊಂಡು ಬರುತ್ತಾ? ಹತ್ತೊಂಬತ್ತಕ್ಕೆ ಬೆಂಕಿ ಹತ್ತಲ್ವಾ?”

“ಹತ್ತುತ್ತೆ ಕಣಪ್ಪ. ಬೆಂಕಿ ಹತ್ತೋಕೆ ಒಂದು ಕಡ್ಡಿ ಸಾಕು,” ಎಂದಳು ಅಜ್ಜಿ. “ಹೂವಿನ ಕಾಲ ಆಗ್ಲೇ ಬಂದು ಮರದ ಮೇಲೆ ಕೂತಿದೆ. ನಾವು ಕಾಯ್ತಿರೋದು ಅದನ್ನಲ್ಲ. ಚಳಿ ದಾಟಿ ಯಾರ್ಯಾರು ಬಂದ್ರು ಅಂತ ನೋಡ್ಬೇಕಲ್ಲ? ಒಂದು ಕಡ್ಡಿ ಬರಲಿಲ್ಲ ಅಂದ್ರೆ ಆ ಮನೆಗೆ ಹೋಗ್ಬೇಕು. ಅದಕ್ಕೇ ಈ ಹಬ್ಬ.”

ಅಜ್ಜಿ ಒಲೆಯನ್ನು ನೋಡಿದಳು. ಅದರಲ್ಲಿ ಜೇಡ ಬಲೆ ಕಟ್ಟಿತ್ತು. ಹೊರೆಯನ್ನು ನೋಡಿದಳು, ಅದರ ಗಂಟನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಇಷ್ಟು ದಿನ ಈ ಬಾಗಿಲಿಗೆ ಬರದೇ ಹೋದೆನಲ್ಲ ಎಂದುಕೊಂಡಳು. ಆದರೂ ಹೊರೆಗೆ ಕೈ ಹಾಕಲಿಲ್ಲ.

“ನಿನ್ನ ಹೆಂಡ್ತಿ ಗಂಟು ಹಾಕಿದ್ರೆ ಬಿಚ್ಚೋದು ಸುಲಭ ಅಲ್ಲ,” ಎಂದಳು. “ನಿಧಾನಕ್ಕೆ ಬಿಚ್ಚು. ನಾವು ಕೂತಿರ್ತೀವಿ.”

ರೈತ ಆಗ ಅತ್ತ. ಹೆಂಡತಿ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ. ಆಮೇಲೆ ಹಲ್ಲಿನಿಂದ ಗಂಟು ಸಡಿಲಿಸಿ ಒಂದು ಕಡ್ಡಿ ಎಳೆದ. ಅಜ್ಜಿಯ ಕೋಲನ್ನೇ ಊರಿಕೊಂಡು ಬಯಲಿಗೆ ಹೋದ. ಅಜ್ಜಿ ಅವನ ಹೆಗಲು ಹಿಡಿದು ನಡೆದಳು. ಯಾಕೆ ತಡವಾಯಿತು ಎಂದು ಯಾರೂ ಕೇಳಲಿಲ್ಲ. ಆ ಸಂಜೆ ಅವನ ಒಲೆಯ ಮೇಲೆ, ಹೆಂಡತಿ ತಂದ ಸೌದೆಯ ಉರಿಯಲ್ಲಿ, ಗಂಜಿ ಕುದಿಯಿತು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ, “ಅದು ಹಟ್ಟಿಯವರ ಮಾತಾಯಿತು. ನಾವು ದಾರಿಯಲ್ಲಿ ಹೋಗುವವರು,” ಎಂದ.

ಗುರುಗಳು ಮುದುಕಿ ಅವನಿಗೆಂದು ಹಿಡಿದಿದ್ದ ಕಡ್ಡಿಯನ್ನು ಜೋಳಿಗೆಯಿಂದ ತೆಗೆದು ಅವನ ಕೈಯಲ್ಲಿಟ್ಟರು.

“ಇದು ನಿನ್ನದು; ಅಲ್ಲಿ ಇನ್ನೂ ಹೊಗೆ ಎದ್ದಿಲ್ಲ.”