ಜಾಲಿಮರ ಕೇಳಿದ ಗಡುವು

ದೇವರ ಜನ ಮರುಭೂಮಿಯಲ್ಲಿ ಗುಡಾರ ಹಾಕಿಕೊಂಡು ಅಲೆಯುತ್ತಿದ್ದ ಕಾಲವದು. ಅವರ ನಡುವೆ ತಾನೂ ಒಂದು ಗುಡಾರದಲ್ಲಿ ವಾಸವಾಗಿರಬೇಕೆಂದು ದೇವರು ಮನಸ್ಸು ಮಾಡಿದ. ಅದರ ಕಂಬಕ್ಕೆ ದಾರಿಬದಿಯ ಒಂದು ಜಾಲಿಮರವನ್ನು ಆರಿಸಿ, ಸುದ್ದಿ ಹೇಳಿ ಬಾ ಎಂದು ಗಾಳಿಯನ್ನು ಕಳಿಸಿದ.

ಜಾಲಿಗೆ ಮೈಯೆಲ್ಲ ಪುಳಕ. ಮುಳ್ಳು ಚುಚ್ಚಿಸಿಕೊಂಡು ದಾರಿಹೋಕರು ಬೈಯುವ ತನ್ನನ್ನು ದೇವರು ಬಯಸಿದನಲ್ಲ! ಮರುಗಳಿಗೆಯೇ ಅದರ ಎದೆ ಧಸಕ್ಕೆಂದಿತು. ಕೊಂಬೆಯ ಗೂಡಿನಲ್ಲಿ ಗುಬ್ಬಿಯೊಂದು ಮೊಟ್ಟೆಗೆ ಕಾವು ಕೊಡುತ್ತಿತ್ತು.

"ಗಾಳಿರಾಯರೇ, ನನ್ನನ್ನು ಕಡಿಯುವ ಕೊಡಲಿ ಒಂದು ತಿಂಗಳು ತಡೆದೀತೇ? ಇವಳ ಮರಿಗಳು ಹಾರಿಹೋಗಲಿ."

"ಹುಚ್ಚು ಮರವೇ, ಇಂಥ ಭಾಗ್ಯ ಮತ್ತೆ ಬಂದೀತೇ?" ಎಂದಿತು ಗಾಳಿ.

"ನೀನು ಹೋಗಕ್ಕ, ನನ್ನ ಹಣೆಯಲ್ಲಿ ಬರೆದದ್ದಾಗಲಿ," ಎಂದಿತು ಗುಬ್ಬಿ.

"ನೀನು ಸುಮ್ಮನೆ ಕೂತಿರು, ಮೊಟ್ಟೆ ತಣ್ಣಗಾದೀತು!" ಎಂದು ಜಾಲಿ ಗದರಿ, ಗಾಳಿಯ ಮುಂದೆ ತಲೆಬಾಗಿತು. "ದೇವರು ಬೇರೆ ಮರ ನೋಡಿಕೊಂಡರೂ ಸರಿಯೇ. ಈಗ ನನ್ನಿಂದಾಗದು."

ಗಾಳಿ ಹೊರಟುಹೋಯಿತು. ಒಲಿದು ಬಂದ ದೇವರನ್ನು ಕೈಯಾರೆ ಕಳೆದುಕೊಂಡೆನಲ್ಲಾ ಎಂದು ಜಾಲಿ ದಿನವಿಡೀ ಮಿಡುಕಿತು. ಸಂಜೆಗೆ ಗಾಳಿ ಮತ್ತೆ ಬಂತು, ಈ ಸಲ ಗೂಡು ಅಲುಗದಂತೆ ಮೆಲ್ಲಗೆ.

"ದೇವರು ಕಾಯುತ್ತಾನಂತೆ. ಆದರೆ ನಿಮ್ಮಿಬ್ಬರನ್ನೂ ಒಂದು ಮಾತು ಕೇಳಿ ಬಾ ಎಂದಿದ್ದಾನೆ."

"ಏನಂತೆ?" ಎಂದಿತು ಜಾಲಿ.

"ಮರಿಗಳು ಹಾರುವವರೆಗೆ ಆ ಗೂಡಿನ ಪಕ್ಕದಲ್ಲೇ ತನಗೂ ಒಂದಿಷ್ಟು ಜಾಗ ಸಿಕ್ಕೀತೇ ಎಂದು."

ಗುಬ್ಬಿ ಮೊಟ್ಟೆಗಳ ಸಮೇತ ಚೂರು ಪಕ್ಕಕ್ಕೆ ಸರಿದು ಕೂತಿತು.