ಚುಕ್ಕಿಕೋಳಿಯ ಶಿಸ್ತಿನ ಕಾವು

ಚುಕ್ಕಿಕೋಳಿಗೆ ಕಾವಿಗೆ ಕೂರುವ ಮೊದಲೇ ಪ್ಲಾನರ್ ಬೇಕಾಯಿತು. ಮರಿಗಳ ಊಟ, ಮಣ್ಣಿನ ಸ್ನಾನ, ಹುಳ ಕೆದಕುವ ಪಾಠ, ಎಲ್ಲಕ್ಕೂ ಬಣ್ಣದ ಪೆನ್ನಿನಲ್ಲಿ ವೇಳೆ ಬರೆಯಿತು. ಮರಿಗಳೇ ಇನ್ನೂ ಇರಲಿಲ್ಲ, ಅದು ಬೇರೆ ಮಾತು. ಆಮೇಲೆ ಮೊಬೈಲಿಗೊಂದು ಆ್ಯಪ್ ಹಾಕಿಕೊಂಡು, ಅದನ್ನು ಗೂಡಿನ ಆಚೆ ಮೂಲೆಯಲ್ಲಿ ಚಾರ್ಜಿಗಿಟ್ಟು, ಮೊಟ್ಟೆಗಳ ಮೇಲೆ ಕೂತಿತು.

ಸ್ವಲ್ಪ ಹೊತ್ತಿಗೆ ಮೊಬೈಲು ಟಿಂಗ್ ಎಂದು ಕೇಳಿತು: “ಕಾವಿಗೆ ಕೂತಿದ್ದೀರಾ?”

ಚುಕ್ಕಿ ಎದ್ದು ಹೋಗಿ “ಹೌದು” ಒತ್ತಿತು. ಪ್ಲಾನರಿನಲ್ಲೂ ಟಿಕ್ ಹಾಕಿತು. ಟಿಕ್ಕಿನ ಬಣ್ಣ ಹಿಡಿಸದೆ ಅದನ್ನು ತಿದ್ದಿ, ಆಮೇಲೆ ಬಂದು ಕೂತಿತು. ಮತ್ತೆ ಟಿಂಗ್. ಮತ್ತೆ ಎದ್ದಿತು.

ಪಕ್ಕದ ಬುಟ್ಟಿಯಲ್ಲಿ ಕಾವಿಗೆ ಕೂತಿದ್ದ ಕರಿಕೋಳಿ ಹೇಳಿತು: “ತಂಗಿ, ಮೊಟ್ಟೆ ಆರಿಹೋಗುತ್ತವೆ ಕಣೇ. ಸುಮ್ಮನೆ ಕೂತ್ಕೋ.”

“ಶಿಸ್ತು ಅಂದರೇನು ಅಂತ ನಿನಗೆ ಗೊತ್ತೇನಕ್ಕಾ? ನೀನು ಕೂತಿದ್ದಕ್ಕೆ ದಾಖಲೆ ಎಲ್ಲಿದೆ?”

ಕರಿಕೋಳಿಯ ಹತ್ತಿರ ದಾಖಲೆ ಇರಲಿಲ್ಲ. ಒಂದು ಬೆಳಿಗ್ಗೆ ಅದರ ರೆಕ್ಕೆಯಡಿಯಿಂದ ಮರಿಗಳು ಚಿಂವ್‌ಗುಟ್ಟುತ್ತ ಹೊರಬಂದವು. ಚುಕ್ಕಿಯ ಮೊಟ್ಟೆಗಳು ತಣ್ಣಗೆ ಬಿದ್ದು ನಾರುತ್ತಿದ್ದವು. ಅಷ್ಟರಲ್ಲಿ ಮೊಬೈಲು ಟಿಂಗ್ ಎಂದಿತು: “ಅಭಿನಂದನೆಗಳು! ನೀವು ಒಂದು ಸಲವೂ ಕಾವು ತಪ್ಪಿಸಿಲ್ಲ.”

“ನೋಡಕ್ಕಾ, ನನ್ನ ಕಡೆಯಿಂದ ಏನೂ ತಪ್ಪಿಲ್ಲ,” ಎಂದು ಚುಕ್ಕಿ ಚಾರ್ಜಿನಲ್ಲಿದ್ದ ಮೊಬೈಲನ್ನು ತಂದು ಮುಂದೆ ತಳ್ಳಿತು.

ಕರಿಕೋಳಿ ಅದನ್ನು ಮುಟ್ಟಿ ನೋಡಿತು.

“ಹೌದಲ್ಲೇ, ಇದು ಒಳ್ಳೇ ಬೆಚ್ಚಗಿದೆ. ಇನ್ನು ನಿನ್ನ ಮರಿಗಳು ಇದರಿಂದಲೇ ಬರಬೇಕು.”