ಏಳದಮ್ಮನ ದಿಣ್ಣೆ

ಕದಿರೇಪುರದ ಹೊರಗೆ, ಜಾಲಿಮುಳ್ಳಿನ ಬಯಲು ಮುಗಿಯುವಲ್ಲಿ ಉದ್ದನೆಯ ಮಣ್ಣಿನ ದಿಣ್ಣೆಯೊಂದಿದೆ. ನೆತ್ತಿಯ ಮೇಲೆ ಕುಂಕುಮ ಹಚ್ಚಿದ ಹಾಸುಗಲ್ಲು, ಗುಡಿಯಿಲ್ಲ, ಮೂರ್ತಿಯಿಲ್ಲ. ಹೆಸರು ಕೇಳಿ ಏಳು ಮಂದಿ ಅಮ್ಮಂದಿರನ್ನು ಹುಡುಕಿಕೊಂಡು ಬರುವವರುಂಟು. ಇದು ಎಣಿಕೆಯ ಏಳಲ್ಲ, ಒಬ್ಬಳೇ ಅಮ್ಮನ ಹಟ ಎನ್ನುತ್ತಾರೆ ಊರ ಹಿರಿಯರು.

ಹಿಂದೆ ಒಮ್ಮೆ, ಬರ್ಮಾದ ಕಡೆ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಮಿಲಿಟರಿಯವರು ಈ ಬಯಲಿನಲ್ಲಿ ವಿಮಾನ ಇಳಿಯುವ ದಾರಿ ಹಾಸಿದರು. ಬರ್ಮಾದಲ್ಲಿ ಬಾಂಬು ಸುರಿದು, ಗುಂಡು ತಿಂದು, ಮೈತುಂಬ ತೇಪೆ ಹಾಕಿಸಿಕೊಂಡ ಭಾರಿ ವಿಮಾನವೊಂದು ಹೊಸ ಪೈಲಟ್‌ಗಳ ತರಬೇತಿಗೆಂದು ಇಲ್ಲಿಗೆ ಬಂತು. ಅದರ ದಪ್ಪ ಹೊಟ್ಟೆ ನೋಡಿ ಊರವರು ಬಸುರಿ ಎಮ್ಮೆ ಎಂದು ಕರೆದರು. ಹಾರುವಾಗ ಗಂಭೀರ, ಇಳಿಯುವಾಗ ಗಂಡಾಂತರ. ಮೊದಲ ಸಲ ಟಯರು ಸಿಡಿದು ರಾಗಿ ಹೊಲಕ್ಕೆ ನುಗ್ಗಿತು. ಇನ್ನೊಮ್ಮೆ ಮುಂದಿನ ಚಕ್ರ ಮುರಿದು ಮೂಗು ಉಜ್ಜಿಕೊಂಡು ಬಂದು ದಿಣ್ಣೆಯ ಬುಡದಲ್ಲಿ ನಿಂತಿತು. ದಾರಿ ಸಾಲದು, ದಿಣ್ಣೆ ಅಗೆದು ಉದ್ದ ಮಾಡಿ ಎಂದು ಮೇಲಿನಿಂದ ಹುಕುಂ ಬಂತು.

ದಿಣ್ಣೆಯ ಆಚೆ ಮಗ್ಗುಲಿಗೇ ಮುದ್ದೀರಮ್ಮನ ಮನೆ. ಒಳಗೆ ಬಾಣಂತಿ ಸೊಸೆ, ಹಸಿಗೂಸು. ಹಾರೆ ಗುದ್ದಲಿಗಳು ಬಂದ ಬೆಳಿಗ್ಗೆ ಆಕೆ ಒಲೆಯ ಮುಂದಿನಿಂದ ಎದ್ದವಳೇ ದಿಣ್ಣೆ ಹತ್ತಿ ಹಾಸುಗಲ್ಲಿನ ಮೇಲೆ ಕೂತುಬಿಟ್ಟಳು.

"ಏಳಮ್ಮಾ, ಸರ್ಕಾರದ ಕೆಲಸ," ಎಂದ ಕೂಲಿಯಾಳುಗಳ ಮೇಸ್ತ್ರಿ ನಾರಣಪ್ಪ.

"ಏಳಾಕಿಲ್ಲ ಕಣಪ್ಪ. ಈ ದಿಣ್ಣೆ ಹೋದ್ರೆ ಆ ಎಮ್ಮೆ ನೇರ ನನ್ನ ಮೊಮ್ಮಗಳ ತೊಟ್ಟಿಲಿಗೇ ಬತ್ತದೆ."

ಬೆದರಿಸಿದರು, ಬೇಡಿಕೊಂಡರು. ಸಿಪಾಯಿಗಳು ಎಳೆದು ಹಾಕಲು ದಿಣ್ಣೆ ಹತ್ತುತ್ತಿದ್ದಾಗಲೇ ಎಮ್ಮೆ ಇಳಿಯತೊಡಗಿತು. ಬ್ರೇಕು ಹಿಡಿಯಲಿಲ್ಲ. ನೆಲ ನಡುಗಿಸುತ್ತ ನೇರ ನುಗ್ಗಿ ಬಂತು. ಸಿಪಾಯಿಗಳು ದಿಕ್ಕಾಪಾಲಾದರು. "ಓಡಮ್ಮಾ!" ಎಂದು ನಾರಣಪ್ಪ ಕಿರುಚಿದ. ಮುದ್ದೀರಮ್ಮನಿಗೆ ಬೆನ್ನ ಹಿಂದೆ ಕೂಸು ಅಳುವುದು ಕೇಳಿತು. ಆಕೆ ಹಲ್ಲು ಕಚ್ಚಿ ಕಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ವಿಮಾನ ದಿಣ್ಣೆಗೆ ಗುದ್ದಿ, ಆಕೆಯ ಕಾಲಬುಡದಲ್ಲೇ ಮೂಗು ಹೂತು ನಿಂತಿತು. ಧೂಳು ಅಡಗುವಷ್ಟರಲ್ಲಿ ಬಿಳಿಯ ಪೈಲಟ್ ಹಣೆಯಲ್ಲಿ ರಕ್ತ ಸುರಿಸುತ್ತ ಹೊರಗೆ ತೆವಳಿದ. ಆಕೆ ಕೂತಲ್ಲಿಂದಲೇ ಅವನನ್ನು ಹತ್ತಿರ ಕರೆದು, ಸೆರಗು ಹರಿದು ಹಣೆಗೆ ಕಟ್ಟಿದಳು, ಅದಕ್ಕೂ ಏಳಲಿಲ್ಲ. ಪೈಲಟ್ ದಿಣ್ಣೆಯಾಚೆ ಕಣ್ಣು ಹಾಯಿಸಿದ. ಕೂಗಳತೆಯೂ ಇಲ್ಲದ ದೂರದಲ್ಲಿ ಸೂರುಗಳು, ಹೊಗೆಯಾಡುವ ಒಲೆಗಳು. ಓಡಿಬಂದ ಅಧಿಕಾರಿಯ ತೋಳು ಹಿಡಿದು ಅದನ್ನೇ ತೋರಿಸಿದ. ಅಧಿಕಾರಿ ಅಗೆತ ನಿಲ್ಲಿಸಲು ಹೇಳಿದ.

"ಈಗಲಾದರೂ ಏಳಮ್ಮಾ," ಎಂದ ನಾರಣಪ್ಪ.

"ಮೊದಲು ನಿಮ್ಮ ಹಾರೆ ಗುದ್ದಲಿ ಏಳ್ಲಿ. ಆಮೇಲೆ ನಾನು."

ಕೊನೆಯ ಗುದ್ದಲಿ ಲಾರಿ ಹತ್ತಿದ ಮೇಲೆಯೇ ಮುದ್ದೀರಮ್ಮ ಸೆರಗಿನ ಧೂಳು ಕೊಡವಿ ಮನೆಗೆ ಇಳಿದಳಂತೆ.

ಬಸುರಿ ಎಮ್ಮೆ ಮತ್ತೆ ಹಾರಲಿಲ್ಲ. ಬಿಚ್ಚಿ ಗುಜರಿಗೆ ಸಾಗಿಸಿದರು. ದಿಣ್ಣೆಯ ಪಶ್ಚಿಮದ ಮಗ್ಗುಲಲ್ಲಿ ಅದು ಕೊರೆದ ದೊಡ್ಡ ತಗ್ಗು ಈಗಲೂ ಇದೆ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ, ಕುರಿಗಳು ಕುಡಿಯುತ್ತವೆ.